ಮೂರು ಸೀಟು, ಒಂದು ಎಂ.ಎ.

ಇತಿಹಾಸದಲ್ಲಿ ಎಂ.ಎ. ಮಾಡಲು ಹೊರಟವರಿಗೆ ಒಂದಕ್ಕಿಂತ ಹೆಚ್ಚು ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಗುವುದು ಈಗ ಅಪರೂಪವಲ್ಲ. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ ಸಿಯುಇಟಿ–ಪಿಜಿ ಎಂಬ ಸಾಮಾನ್ಯ ಪರೀಕ್ಷೆಯನ್ನು ಬಳಸುತ್ತಿವೆ. ಒಂದೇ ಪರೀಕ್ಷೆಯ ಅಂಕ ಹಿಡಿದು ದಿಲ್ಲಿಗೂ ಅರ್ಜಿ ಹಾಕಬಹುದು, ಹೈದರಾಬಾದಿಗೂ ಹಾಕಬಹುದು. ರಾಜ್ಯದ ವಿಶ್ವವಿದ್ಯಾಲಯಗಳು ತಮ್ಮ ಪ್ರವೇಶವನ್ನು ಬೇರೆಯಾಗಿ ನಡೆಸುತ್ತವೆ. ಈ ಎರಡು ವೇಳಾಪಟ್ಟಿಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದು ಕಡೆ ಶುಲ್ಕ ಕಟ್ಟುವ ಕೊನೆಯ ದಿನ ಬಂದಿರುತ್ತದೆ, ಇನ್ನೊಂದು ಕಡೆ ಮೆರಿಟ್ ಲಿಸ್ಟೇ ಬಂದಿರುವುದಿಲ್ಲ. ಹೀಗಾಗಿ ಎರಡು ವರ್ಷದ ಓದನ್ನು, ಕೆಲವರ ಮಟ್ಟಿಗೆ ಇಡೀ ವೃತ್ತಿಯನ್ನು, ನಿರ್ಧರಿಸುವ ಆಯ್ಕೆ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ.

ಈ ಸಂವಾದದಲ್ಲಿ ಮಾತಾಡುವವರು ಇಬ್ಬರು. ಒಬ್ಬಳು ರಾಯಚೂರು ಜಿಲ್ಲೆಯ ಮಸ್ಕಿ ಕಡೆಯ ಬಿ.ಎ. ವಿದ್ಯಾರ್ಥಿನಿ. ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ (ಜೆಎನ್‌ಯು), ಹೈದರಾಬಾದ್ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಈ ಮೂರರಲ್ಲೂ ಅವಳಿಗೆ ಸೀಟು ಸಿಗುವಂತಿದೆ. ಇನ್ನೊಬ್ಬರು ಪದವಿ ಕಾಲೇಜಿನಲ್ಲಿ ಅವಳಿಗೆ ಇತಿಹಾಸ ಕಲಿಸಿ ನಿವೃತ್ತರಾದ ಅಧ್ಯಾಪಕರು. ಮಾತು ಶುರುವಾಗುವುದು ವಿಶ್ವವಿದ್ಯಾಲಯದ ಹೆಸರಿನಿಂದ. ಹೆಚ್ಚಿನ ಮನೆಗಳಲ್ಲೂ ಅದು ಶುರುವಾಗುವುದು ಅಲ್ಲಿಂದಲೇ.

ವಿದ್ಯಾರ್ಥಿನಿ: ನನ್ನ ಮನಸ್ಸು ದಿಲ್ಲಿ ಕಡೆಗೇ ಇದೆ ಸರ್. ಜೆಎನ್‌ಯು ಸೀಟು ಕೈಗೆ ಬಂದಿರುವಾಗ ಬಿಟ್ಟರೆ ಆಮೇಲೆ ಕೊರಗುತ್ತೇನೆ.

ಅಧ್ಯಾಪಕರು: ಅಲ್ಲಿ ಏನಿದೆ ಅಂತ ಹೋಗುತ್ತೀಯವ್ವ? ಹೆಸರು ಬಿಟ್ಟು ಹೇಳು.

ವಿದ್ಯಾರ್ಥಿನಿ: ಹೆಸರು ಸುಮ್ಮನೆ ಬಂದದ್ದಲ್ಲವಲ್ಲ. 1969ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ ಅದು. ಅಲ್ಲಿನ ಐತಿಹಾಸಿಕ ಅಧ್ಯಯನ ಕೇಂದ್ರವನ್ನು ಕಟ್ಟಿದವರು ಎಸ್. ಗೋಪಾಲ್, ರೊಮಿಲಾ ಥಾಪರ್, ಬಿಪನ್ ಚಂದ್ರ, ಸತೀಶ್ ಚಂದ್ರ. ರಾಜರ ಪಟ್ಟಿ, ಯುದ್ಧದ ತಾರೀಖು ಇಷ್ಟೇ ಇತಿಹಾಸವಲ್ಲ, ಹೊಲ ಯಾರದ್ದು, ಕಂದಾಯ ಯಾರಿಗೆ ಹೋಯಿತು, ಯಾವ ಜಾತಿಯವರು ಎಲ್ಲಿ ನಿಂತರು ಅಂತಲೂ ಕೇಳಬೇಕು ಎಂದು ನೀವೇ ತರಗತಿಯಲ್ಲಿ ಹೇಳುತ್ತಿದ್ದಿರಿ. ನೀವು ಹಾಗೆ ಕೇಳಲು ಕಲಿತದ್ದು ಅವರ ಪುಸ್ತಕ ಓದಿಯೇ ಅಲ್ಲವೇ?

ಅಧ್ಯಾಪಕರು: ಹೌದು, ಅವರ ಪುಸ್ತಕ ಓದಿಯೇ. ದಿಲ್ಲಿಗೆ ಹೋಗಿ ಅಲ್ಲ. ಪುಸ್ತಕ ನಮ್ಮೂರಿಗೂ ಬರುತ್ತದೆ. ನೀನು ಹೇಳಿದವರೆಲ್ಲ ಪಾಠ ನಿಲ್ಲಿಸಿ ದಶಕಗಳಾದವು, ಹಲವರು ಈಗ ಇಲ್ಲ. ನಿನಗೆ ಪಾಠ ಹೇಳುವವರು ಇವತ್ತು ಅಲ್ಲಿ ಇರುವವರು. ಅವರು ಯಾರು, ಯಾವುದರ ಮೇಲೆ ಕೆಲಸ ಮಾಡಿದ್ದಾರೆ ಅಂತ ನೋಡಿದ್ದೀಯಾ?

ವಿದ್ಯಾರ್ಥಿನಿ: ಇನ್ನೂ ಇಲ್ಲ ಸರ್.

ಅಧ್ಯಾಪಕರು: ಧಾರವಾಡಕ್ಕೂ ಇದೇ ಮಾತು. ಪಿ.ಬಿ. ದೇಸಾಯಿ, ಜಿ.ಎಸ್. ದೀಕ್ಷಿತ್, ಶ್ರೀನಿವಾಸ ರಿತ್ತಿ, ಅ. ಸುಂದರ ಇದ್ದ ವಿಶ್ವವಿದ್ಯಾಲಯ ಅದು. ಹಾಗಂತ ಆ ಹೆಸರುಗಳನ್ನು ನೆಚ್ಚಿ ಹೋಗು ಅಂತ ನಾನು ಹೇಳುವುದಿಲ್ಲ.

ಒಂದು ವಿಭಾಗದ ಇಂದಿನ ಸ್ಥಿತಿಯನ್ನು ದೂರದಿಂದಲೇ ಒಂದಿಷ್ಟು ಅಳೆಯಲು ದಾರಿಗಳಿವೆ. ಆ ಕೆಲಸವನ್ನು ಮಾಡುವವರು ಮಾತ್ರ ಕಡಿಮೆ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ವಿಭಾಗದ ಇತ್ತೀಚಿನ ಪ್ರಬಂಧಗಳ ವಿಷಯಸೂಚಿ ಮತ್ತು ಆಕರಪಟ್ಟಿಗಳನ್ನು ತೆರೆದು ನೋಡಿದರೆ ಸಾಕು, ಅಲ್ಲಿನ ಮಾರ್ಗದರ್ಶಕರು ವಿದ್ಯಾರ್ಥಿಗಳನ್ನು ಪತ್ರಾಗಾರಕ್ಕೂ ಶಾಸನದ ಮುಂದಕ್ಕೂ ಕಳಿಸುತ್ತಾರೆಯೇ ಅಥವಾ ಪ್ರಕಟವಾದ ಪುಸ್ತಕಗಳನ್ನೇ ಹಿಂದೆಮುಂದೆ ಮಾಡಿಸುತ್ತಾರೆಯೇ ಎಂಬುದು ಗೊತ್ತಾಗುತ್ತದೆ. ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರ ಮೇಲೆ ನಡೆಯುವ ಪತ್ರಿಕೆಗಳು ಎಷ್ಟು ಎಂಬುದನ್ನು ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಕೇಳಬೇಕು. ಕೈಪಿಡಿಯಲ್ಲಿ ಅಚ್ಚಾದ ಐಚ್ಛಿಕ ಪತ್ರಿಕೆಗಳಲ್ಲಿ ನಿಜಕ್ಕೂ ಪಾಠ ನಡೆಯುವುದು ಯಾವುದು ಎಂಬುದನ್ನೂ ಅವರೇ ಹೇಳಬಲ್ಲರು. ಕೈಪಿಡಿ ನಂಬಿ ಹೋಗಿ, ಬೇಕಾದ ಪತ್ರಿಕೆಗೆ ಅಧ್ಯಾಪಕರೇ ಇಲ್ಲ ಎಂದು ಆಮೇಲೆ ತಿಳಿದರೆ ಆಗುವ ನಷ್ಟ ಸಣ್ಣದಲ್ಲ.

ಹೆಸರಿನ ಮಾತು ಇಲ್ಲಿಗೆ ಬಂದು ನಿಂತ ಮೇಲೆ ಅಧ್ಯಾಪಕರು ತಮಗೆ ಮುಖ್ಯವೆನಿಸಿದ್ದನ್ನು ತೆಗೆಯುತ್ತಾರೆ: ಆಕರಗಳು ಎಲ್ಲಿವೆ?

ಅಧ್ಯಾಪಕರು: ಇತಿಹಾಸದ ಪ್ರಯೋಗಶಾಲೆ ಅಂದರೆ ಶಾಸನ, ಕಡತ, ನಾಣ್ಯ, ಊರು. ಮುಂದೆ ರಾಯಚೂರು ದೋಆಬಿನ ಮೇಲೆ ಕೆಲಸ ಮಾಡುತ್ತೇನೆ ಅಂತೀಯಲ್ಲ, ಅದರ ಕಾಗದಗಳು ಎಲ್ಲಿವೆ ಗೊತ್ತೇ?

ವಿದ್ಯಾರ್ಥಿನಿ: ಹೈದರಾಬಾದಿನಲ್ಲಿ. 1948ರವರೆಗೆ ನಾವು ನಿಜಾಮರ ರಾಜ್ಯದಲ್ಲಿದ್ದೆವು.

ಅಧ್ಯಾಪಕರು: ಅದು ಒಂದು ಪಾಲು. ತಾರ್ನಾಕದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ನಿಜಾಮರ ಕಾಲದ ಉರ್ದು, ಫಾರ್ಸಿ ಕಡತಗಳಿವೆ. ಅದಕ್ಕೂ ಹಿಂದಿನ ಷಹಜಹಾನ್, ಔರಂಗಜೇಬರ ಕಾಲದ ದಖನ್ನಿನ ಆಡಳಿತ ಪತ್ರಗಳೂ ಇವೆ. ಇನ್ನು ಮಸ್ಕಿಯ ಅಶೋಕನ ಶಾಸನ, ರಾಯಚೂರು ಕೋಟೆಯ ಗೋಡೆಯಲ್ಲಿರುವ 1294ರ ಕಾಕತೀಯರ ಕಾಲದ ತೆಲುಗು ಶಾಸನ, ಊರೂರಿನ ಚಾಲುಕ್ಯರ ಕನ್ನಡ ಶಾಸನಗಳು ನಿನ್ನ ಜಿಲ್ಲೆಯಲ್ಲೇ ನಿಂತಿವೆ. ಅವನ್ನು ಓದಲು ಹಳೆಯ ಲಿಪಿ ಬರಬೇಕು, ಹಳಗನ್ನಡ ಬರಬೇಕು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಲ್ಲಿ ಶುರುವಾದದ್ದೇ ಇಂಥ ಕೆಲಸಕ್ಕೆ. ಕಲ್ಲಿನ ಮುಂದೆ ಕೂತು ಓದುವುದನ್ನು ಕಲಿಸುವ ಪರಂಪರೆ ಅಲ್ಲಿ ಬೆಳೆದಿದೆ.

ವಿದ್ಯಾರ್ಥಿನಿ: ನೀವು ಒಂದು ಪಾಲನ್ನು ಬಿಟ್ಟಿರಿ ಸರ್. 1853ರ ಒಪ್ಪಂದದಲ್ಲಿ ನಿಜಾಮರು ರಾಯಚೂರು ದೋಆಬನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು, 1860ರಲ್ಲಿ ಅದು ಅವರಿಗೆ ಮರಳಿತು. ಆ ಏಳು ವರ್ಷದ ಆಡಳಿತ ಇಂಗ್ಲಿಷರದ್ದು. ಹೈದರಾಬಾದ್ ರೆಸಿಡೆನ್ಸಿಯ ದಾಖಲೆಗಳು ದಿಲ್ಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿವೆ. ಅಂದಮೇಲೆ ದಿಲ್ಲಿಯೂ ಬೇಕು.

ಅಧ್ಯಾಪಕರು: ಬೇಕು, ನಾನು ಬೇಡ ಎನ್ನಲಿಲ್ಲ. 1956ರ ನಂತರದ್ದು ನೋಡಲು ಬೆಂಗಳೂರಿಗೂ ಹೋಗಬೇಕಾಗುತ್ತದೆ. ಆದರೆ ಎಂ.ಎ. ಓದುವಾಗ ಕಡತ ಎಲ್ಲಿದೆ ಅನ್ನುವುದಕ್ಕಿಂತ ಕಡತ ಓದಲು ಯಾರು ಕಲಿಸುತ್ತಾರೆ ಅನ್ನುವುದು ದೊಡ್ಡದು. ದಿಲ್ಲಿಗೆ ಹೋಗಿ ರೆಸಿಡೆನ್ಸಿಯ ಕಾಗದವನ್ನು ನೀನು ನಾಲ್ಕು ವರ್ಷದ ನಂತರವೂ ನೋಡಬಹುದು. ಹಳೆಯ ಲಿಪಿ ಓದುವ ಕಣ್ಣು ಈಗ ಪಳಗಬೇಕು.

ವಿದ್ಯಾರ್ಥಿನಿ: ಮಸ್ಕಿಯ ವಿಷಯವನ್ನೇ ತೆಗೆದುಕೊಳ್ಳಿ. ಆ ಬಂಡೆಯ ಪಕ್ಕದಲ್ಲಿ ನಮ್ಮ ಹಿರಿಯರು ಎಷ್ಟೋ ತಲೆಮಾರು ಬದುಕಿದರು. 1915ರಲ್ಲಿ ಅದನ್ನು ಗುರುತಿಸಿದವನು ಚಿನ್ನದ ಗಣಿಗೆ ಸಂಬಂಧಪಟ್ಟ ಬೀಡನ್ ಎಂಬ ಎಂಜಿನಿಯರ್. ಅದರಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿದೆ ಅಂತ ಗೊತ್ತಾದ ಮೇಲೆ, ಬೇರೆ ಶಾಸನಗಳ ದೇವಾನಾಂಪ್ರಿಯ ಯಾರು ಅನ್ನುವ ಅನುಮಾನ ತೀರಿತು. ಇನ್ನು ಅಶೋಕನ ಧರ್ಮ ಅವನ ರಾಜ್ಯಕ್ಕೆ ಯಾಕೆ ಬೇಕಾಯಿತು ಅನ್ನುವುದನ್ನು ವಿಸ್ತಾರವಾಗಿ ಎತ್ತಿದವರು ರೊಮಿಲಾ ಥಾಪರ್. ಅವರು ಪಿಎಚ್.ಡಿ. ಮಾಡಿದ್ದು ಲಂಡನ್ನಿನಲ್ಲಿ, ಎ.ಎಲ್. ಬಾಷಮ್ ಅವರ ಕೈಕೆಳಗೆ. ಕಲ್ಲು ಹತ್ತಿರವಿದ್ದ ಮಾತ್ರಕ್ಕೆ ಪ್ರಶ್ನೆ ಹುಟ್ಟುವುದಿಲ್ಲ ಸರ್. ನನಗೆ ಪ್ರಶ್ನೆ ಕೇಳುವುದನ್ನು ಕಲಿಸುವ ಜಾಗ ಬೇಕು.

ಅಧ್ಯಾಪಕರು: ಒಪ್ಪಬೇಕಾದ ಮಾತು. ಆದರೆ ಆ ಪ್ರಶ್ನೆಗೆ ಉತ್ತರ ಕೊಡಲು ಶಾಸನಗಳ ಪಾಠ ಮೊದಲೇ ಸಿದ್ಧವಾಗಿರಬೇಕಿತ್ತು. ಬಿಸಿಲಲ್ಲಿ ನಿಂತು ಪಡಿಯಚ್ಚು ತೆಗೆದು, ಅಕ್ಷರ ಅಕ್ಷರ ಬಿಡಿಸಿದವರು ಇದ್ದರು. ನಮ್ಮ ಕಡೆಯ ಎಷ್ಟೋ ಶಾಸನಗಳು ಇನ್ನೂ ಸರಿಯಾದ ಓದಿಗೆ ಕಾಯುತ್ತಿವೆ. ಆ ಕೆಲಸಕ್ಕೆ ಜನ ಕಡಿಮೆಯಾಗುತ್ತಿದ್ದಾರೆ ಅನ್ನುವುದು ನನ್ನ ಸಂಕಟ. ಚೆನ್ನಾಗಿ ಓದುವ ಮಕ್ಕಳೆಲ್ಲ ಸಿದ್ಧಾಂತದ ಕಡೆ ಹೋದರೆ ಮೂಲಪಾಠ ಯಾರು ಓದಬೇಕು?

ಈ ಭಿನ್ನಾಭಿಪ್ರಾಯ ಪಠ್ಯಕ್ರಮಗಳ ರಚನೆಯಲ್ಲೇ ಇದೆ. ಜೆಎನ್‌ಯು ಕೇಂದ್ರದಲ್ಲಿ ಎಂ.ಎ. ವಿದ್ಯಾರ್ಥಿ ಪ್ರಾಚೀನ, ಮಧ್ಯಕಾಲೀನ, ಆಧುನಿಕ ಇವುಗಳಲ್ಲಿ ಒಂದನ್ನು ವಿಶೇಷ ಅಧ್ಯಯನಕ್ಕೆ ಆರಿಸಿಕೊಳ್ಳುತ್ತಾನೆ. ಓದಿದ್ದನ್ನು ಪ್ರಬಂಧವಾಗಿ ಬರೆದು ಅಧ್ಯಾಪಕರ ಮುಂದೆ ಚರ್ಚಿಸುವ ರೂಢಿಗೆ ಅಲ್ಲಿ ಹೆಚ್ಚಿನ ಸ್ಥಾನವಿದೆ. ಧಾರವಾಡದಲ್ಲಿ ಇತಿಹಾಸ ಮತ್ತು ಪುರಾತತ್ವ ಒಂದೇ ವಿಭಾಗ. ಆದ್ದರಿಂದ ಉತ್ಖನನ, ವಾಸ್ತುಶಿಲ್ಪ, ಶಾಸನಗಳ ಜೊತೆ ಒಡನಾಟ ಸಹಜ. ಮೈಸೂರಿನಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವಕ್ಕೆ ಬೇರೆಯೇ ವಿಭಾಗವಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ಶಾಖೆಯೂ ಆ ಊರಿನಲ್ಲೇ ಇದೆ. ಹೈದರಾಬಾದ್ ವಿಶ್ವವಿದ್ಯಾಲಯ 1974ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಂಸ್ಥೆ, ಅಲ್ಲಿ ಇತಿಹಾಸ ಸಮಾಜ ವಿಜ್ಞಾನಗಳ ನಿಕಾಯದ ಒಳಗೆ ಬರುತ್ತದೆ. ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಮಾನವಶಾಸ್ತ್ರ ಓದುವವರ ಸಹವಾಸ ಅಲ್ಲಿ ಸುಲಭವಾಗಿ ಸಿಗುತ್ತದೆ. ಇವುಗಳಲ್ಲಿ ಯಾವುದು ಮೇಲು ಎಂದು ಒಂದೇ ಅಳತೆಗೋಲಿನಿಂದ ಹೇಳುವ ಶ್ರೇಯಾಂಕ ಪಟ್ಟಿಗಳು ಇತಿಹಾಸದ ವಿದ್ಯಾರ್ಥಿಗೆ ಹೆಚ್ಚು ನೆರವಾಗುವುದಿಲ್ಲ. ಅವು ಇಡೀ ವಿಶ್ವವಿದ್ಯಾಲಯವನ್ನು ಅಳೆಯುತ್ತವೆ, ವಿದ್ಯಾರ್ಥಿ ಬದುಕುವುದು ಒಂದು ವಿಭಾಗದಲ್ಲಿ.

ನಂತರ ಬರುವುದು ಭಾಷೆಯ ವಿಷಯ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ, ಆದರೆ ಅವರು ಬಾಯಿಬಿಟ್ಟು ಹೇಳುವುದು ಕಡಿಮೆ.

ವಿದ್ಯಾರ್ಥಿನಿ: ಒಂದು ಹೆದರಿಕೆ ಇದೆ ಸರ್. ಬಿ.ಎ. ಪೂರ್ತಿ ಕನ್ನಡದಲ್ಲಿ ಬರೆದಿದ್ದೇನೆ. ಸಿಯುಇಟಿಯಲ್ಲಿ ಸರಿ ಉತ್ತರಕ್ಕೆ ಗುರುತು ಹಾಕಿದರೆ ಮುಗಿಯಿತು, ಒಂದು ವಾಕ್ಯವನ್ನೂ ಬರೆಯಬೇಕಾಗಲಿಲ್ಲ. ದಿಲ್ಲಿಯಲ್ಲಿ ಮೊದಲ ಸೆಮಿಸ್ಟರಿನಲ್ಲೇ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕು.

ಅಧ್ಯಾಪಕರು: ಧಾರವಾಡದಲ್ಲಾದರೆ ಕನ್ನಡದಲ್ಲೇ ಬರೆಯಬಹುದು. ಇದನ್ನು ಅನುಕೂಲದ ದೃಷ್ಟಿಯಿಂದ ಮಾತ್ರ ಹೇಳುತ್ತಿಲ್ಲ. ಗಂಭೀರವಾದ ಇತಿಹಾಸ ಕನ್ನಡದಲ್ಲಿ ಬರೆಯಲ್ಪಡಬೇಕು. ನಮ್ಮೂರಿನ ಓದುಗರಿಗೆ ಅವರ ಊರಿನ ಇತಿಹಾಸ ಅವರ ಮಾತಿನಲ್ಲಿ ಸಿಗಬೇಕು.

ವಿದ್ಯಾರ್ಥಿನಿ: ಆದರೆ ಓದಬೇಕಾದ ಪುಸ್ತಕಗಳು ಹೆಚ್ಚಿನವು ಇಂಗ್ಲಿಷಿನಲ್ಲೇ ಇವೆ. ರಾಯಚೂರು ಕೋಟೆಯ ಬಗ್ಗೆಯೇ ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ 2014ರ ಪುಸ್ತಕದಲ್ಲಿ ಬರೆದಿದ್ದಾರೆ. ಅದನ್ನು ಓದದೆ ಕನ್ನಡದಲ್ಲಿ ಬರೆದರೆ ಅವರು ಹೇಳಿದ್ದನ್ನೇ ಹೊಸತು ಅಂತ ಹೇಳುವ ಹಾಗಾಗುತ್ತದೆ. ಷ. ಶೆಟ್ಟರ್ ಇಷ್ಟು ದೊಡ್ಡ ಕೆಲಸ ಕನ್ನಡದಲ್ಲಿ ಮಾಡಿದರು, ಹೌದು. ಅದಕ್ಕೂ ಮೊದಲು ಅವರು ಕೇಂಬ್ರಿಜ್‌ನಲ್ಲಿ ಓದಿ, ಇಂಗ್ಲಿಷಿನಲ್ಲಿ ಬರೆದು ಬಂದವರು.

ಅಧ್ಯಾಪಕರು: ಶೆಟ್ಟರ್ ಮೈಸೂರು, ಧಾರವಾಡದಲ್ಲೂ ಓದಿದವರು. ಆಮೇಲೆ ಧಾರವಾಡದಲ್ಲೇ ಪ್ರಾಧ್ಯಾಪಕರಾಗಿದ್ದವರು. ಶ್ರವಣಬೆಳಗೊಳದ ಕಲ್ಲುಗಳನ್ನು ಒಂದೊಂದಾಗಿ ಓದಿದ್ದರಿಂದ ಅವರ ಮಾತಿಗೆ ಆ ತೂಕ ಬಂತು.

ವಿದ್ಯಾರ್ಥಿನಿ: ಅಂದರೆ ಅವರು ನಿಮ್ಮ ಕಡೆಯೂ ಇದ್ದಾರೆ, ನನ್ನ ಕಡೆಯೂ ಇದ್ದಾರೆ.

ಅಧ್ಯಾಪಕರು: ಇರಲಿ. ನಿನ್ನ ಹೆದರಿಕೆಗೆ ನಾನು ಉತ್ತರ ಕೊಡಬೇಕಲ್ಲ. ದಿಲ್ಲಿಗೆ ಹೋಗುವುದಾದರೆ ಈಗಿನಿಂದಲೇ ದಿನಕ್ಕೆ ಹತ್ತು ಪುಟ ಇಂಗ್ಲಿಷ್ ಇತಿಹಾಸದ ಪುಸ್ತಕ ಓದಿ, ಒಂದು ಪುಟ ಬರೆ. ಆರು ತಿಂಗಳು ಕಷ್ಟವಾಗುತ್ತದೆ. ತರಗತಿಯಲ್ಲಿ ಮಾತಾಡಲು ಬಾಯಿ ಬರುವುದಿಲ್ಲ. ಅದನ್ನು ದಡ್ಡತನ ಅಂದುಕೊಂಡು ಊರಿಗೆ ವಾಪಸು ಬಂದವರನ್ನು ನಾನು ನೋಡಿದ್ದೇನೆ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ವಿದ್ಯಾರ್ಥಿನಿ: ಇಂಗ್ಲಿಷಿಗಿಂತ ನನಗೆ ಫಾರ್ಸಿಯ ಯೋಚನೆ ಹೆಚ್ಚಿದೆ ಸರ್. 1520ರ ರಾಯಚೂರು ಯುದ್ಧದ ಬಗ್ಗೆ ಪೋರ್ಚುಗೀಸ್‌ನಲ್ಲಿ ನೂನಿಜ್ ಬರೆದಿದ್ದಾನೆ, ಬಿಜಾಪುರದ ಆಸ್ಥಾನದಲ್ಲಿದ್ದ ಫೆರಿಷ್ತಾ ಫಾರ್ಸಿಯಲ್ಲಿ ಬರೆದಿದ್ದಾನೆ. ಕೃಷ್ಣದೇವರಾಯ ಗೆದ್ದ ಕಥೆ ನಮಗೆ ಗೊತ್ತು. ಸೋತ ಕಡೆಯವರು ಏನು ಬರೆದರು ಅಂತ ಅನುವಾದದಲ್ಲೇ ಓದುತ್ತಾ ಕೂರಬೇಕೇ?

ಅಧ್ಯಾಪಕರು: ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಧಾರವಾಡಕ್ಕಿಂತ ಹೈದರಾಬಾದೇ ಅನುಕೂಲ ಅಂತ ನಾನೇ ಒಪ್ಪುತ್ತೇನೆ. ಉಸ್ಮಾನಿಯಾದಲ್ಲಿ ಫಾರ್ಸಿ ಇದೆ, ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯದಲ್ಲೂ ಇದೆ. ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದಲ್ಲಿ ಹಸ್ತಪ್ರತಿಗಳಿವೆ.

ವಿದ್ಯಾರ್ಥಿನಿ: ಜೆಎನ್‌ಯುದಲ್ಲೂ ಫಾರ್ಸಿಗೆ ಬೇರೆ ಕೇಂದ್ರವೇ ಇದೆ.

ಅಧ್ಯಾಪಕರು: ಇದೆ. ಆದರೆ ಇತಿಹಾಸದ ಎಂ.ಎ. ವಿದ್ಯಾರ್ಥಿನಿಗೆ ಅಲ್ಲಿ ಕೂರಲು ಸಮಯ ಸಿಗುತ್ತದೆಯೇ, ಕ್ರೆಡಿಟ್ ಸಿಗುತ್ತದೆಯೇ? ಎರಡೂ ಕಡೆ ಪತ್ರ ಬರೆದು ಕೇಳು.

ದಖನ್ನಿನ ಮಧ್ಯಕಾಲವನ್ನು ಕುರಿತು ಕನ್ನಡದಲ್ಲಿ ನಡೆದ ಬರವಣಿಗೆಯ ಒಂದು ದೊಡ್ಡ ಕೊರತೆ ಫಾರ್ಸಿಯ ಈ ಪ್ರಶ್ನೆಯಲ್ಲಿ ಕಾಣುತ್ತದೆ. ಶಾಸನ ಮತ್ತು ಕಾವ್ಯಗಳ ಮೇಲೆ ನಮ್ಮ ವಿದ್ವಾಂಸರು ಮಾಡಿದ ಕೆಲಸಕ್ಕೆ ಹೋಲಿಸಿದರೆ, ಬಹಮನಿ ಮತ್ತು ಆದಿಲ್‌ಶಾಹಿ ಕಾಲದ ಫಾರ್ಸಿ ಆಕರಗಳನ್ನು ನೇರವಾಗಿ ಓದಿದ ಕನ್ನಡಿಗರು ಬಹಳ ಕಡಿಮೆ. ಮುಂಬೈ ಕರ್ನಾಟಕದ ಪೇಶ್ವೆ ಕಾಲದ ಮೋಡಿ ಲಿಪಿಯ ದಾಖಲೆಗಳಿಗೂ ಇದೇ ಗತಿ. ಆದ್ದರಿಂದ ಎಂ.ಎ. ಸೇರುವ ಹೊತ್ತಿನಲ್ಲೇ ಒಂದು ಹಳೆಯ ಲಿಪಿಯನ್ನೋ ಆಕರಭಾಷೆಯನ್ನೋ ಕಲಿಯುವ ಅವಕಾಶ ಎಲ್ಲಿದೆ ಎಂದು ನೋಡುವುದು ಹಾಸ್ಟೆಲ್ಲಿನ ಬಗ್ಗೆ ವಿಚಾರಿಸುವಷ್ಟೇ ಅಗತ್ಯ.

ಹಾಸ್ಟೆಲ್ಲಿನ ವಿಚಾರಣೆಯೂ ಅಷ್ಟೇ ಅಗತ್ಯ. ಹಣದ ಮಾತು ಬಂದಾಗ ಮನೆಯವರು ಶುಲ್ಕವನ್ನು ನೋಡುತ್ತಾರೆ, ಆದರೆ ಖರ್ಚು ಇರುವುದು ಬೇರೆ ಕಡೆ.

ವಿದ್ಯಾರ್ಥಿನಿ: ಜೆಎನ್‌ಯುದಲ್ಲಿ ಬೋಧನಾ ಶುಲ್ಕ ವರ್ಷಕ್ಕೆ ಕೆಲವು ನೂರು ರೂಪಾಯಿ ಮಾತ್ರ ಅಂದರೆ ಅಪ್ಪ ನಂಬಲೇ ಇಲ್ಲ.

ಅಧ್ಯಾಪಕರು: ಶುಲ್ಕ ಸರಿ. ಹಾಸ್ಟೆಲ್ ಮೊದಲ ದಿನವೇ ಕೊಡುತ್ತಾರೆಯೇ? ಕೊಡದಿದ್ದರೆ ದಿಲ್ಲಿಯಲ್ಲಿ ಬಾಡಿಗೆ ಕೋಣೆ ಹಿಡಿಯಬೇಕು. ಒಂದು ತಿಂಗಳ ಬಾಡಿಗೆ ಇಡೀ ವರ್ಷದ ಶುಲ್ಕವನ್ನು ದಾಟಿಬಿಡುತ್ತದೆ. ರಾಯಚೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ದಿಲ್ಲಿಗೆ ಒಂದು ದಿನಕ್ಕೂ ಹೆಚ್ಚು ಹೊತ್ತು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಹೈದರಾಬಾದಿನಿಂದ ರಾತ್ರಿಯೊಳಗೆ ಬಂದು ಸೇರುತ್ತೀ.

ವಿದ್ಯಾರ್ಥಿನಿ: ಇದನ್ನು ನಮ್ಮ ಅಣ್ಣನಿಗಾದರೆ ಯಾರೂ ಹೇಳುತ್ತಿರಲಿಲ್ಲ ಸರ್.

ಅಧ್ಯಾಪಕರು: ನಿಜ. ಹೇಳುತ್ತಿರಲಿಲ್ಲ. ಆ ಮಾತನ್ನು ಲೆಕ್ಕದಿಂದ ತೆಗೆದುಬಿಡು. ಆದರೆ ಹಾಸ್ಟೆಲ್ಲಿನ ಮಾತನ್ನು ಬಿಡಬೇಡ.

ವಿದ್ಯಾರ್ಥಿನಿ: ಕೆಲಸದ ವಿಷಯವೂ ಮನೆಯಲ್ಲಿ ಬರುತ್ತದೆ. ದಿಲ್ಲಿಗೆ ಹೋದರೆ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿ ಕೈತಪ್ಪುತ್ತದೆ ಅಂತ ಮಾವ ಹೇಳುತ್ತಾರೆ.

ಅಧ್ಯಾಪಕರು: ಅದು ತಪ್ಪು ತಿಳುವಳಿಕೆ. ಕಲ್ಯಾಣ ಕರ್ನಾಟಕದಲ್ಲಿ ಹುಟ್ಟಿದವರಿಗೆ ಹುಟ್ಟಿನ ಆಧಾರದ ಮೇಲೆಯೇ ಅರ್ಹತಾ ಪ್ರಮಾಣಪತ್ರ ಸಿಗುತ್ತದೆ. ಎರಡು ವರ್ಷ ಹೊರಗೆ ಓದಿದರೆ ಅದು ಹೋಗುವುದಿಲ್ಲ. ಉಪನ್ಯಾಸಕರಾಗಲು ನೆಟ್ ಅಥವಾ ಕೆ–ಸೆಟ್ ಪಾಸಾಗಬೇಕು, ಅದಕ್ಕೆ ಯಾವ ವಿಶ್ವವಿದ್ಯಾಲಯದ ಎಂ.ಎ. ಆದರೂ ನಡೆಯುತ್ತದೆ. ಪುರಾತತ್ವ ಇಲಾಖೆಯ ಕಡೆ ಹೋಗುವ ಮನಸ್ಸಿದ್ದರೆ ಎಂ.ಎ.ಯಲ್ಲಿ ಪುರಾತತ್ವದ ಪತ್ರಿಕೆಗಳಿರುವುದು ನೆರವಾಗುತ್ತದೆ. ಆಗ ನಾನು ಮತ್ತೆ ಧಾರವಾಡ, ಮೈಸೂರು ಅಂತೀನಿ.

ವಿದ್ಯಾರ್ಥಿನಿ: ನಾನು ಪಿಎಚ್.ಡಿ. ಮಾಡಬೇಕು. ಅದಕ್ಕೇ ಮೊದಲು ದೊಡ್ಡ ಗ್ರಂಥಾಲಯ, ಬೇರೆ ಬೇರೆ ರಾಜ್ಯದಿಂದ ಬಂದ ಸಹಪಾಠಿಗಳು ಬೇಕು ಅನ್ನಿಸುತ್ತದೆ. ಕೇರಳದವಳು, ಬಂಗಾಳದವನು, ಕಾಶ್ಮೀರದವರು ಒಂದೇ ಮೇಜಿನ ಸುತ್ತ ಕೂತಾಗ, ನಮ್ಮೂರಿನಲ್ಲಿ ನಡೆದದ್ದರಲ್ಲಿ ಬೇರೆಲ್ಲೂ ಇಲ್ಲದ್ದು ಯಾವುದು ಅಂತ ನನಗೆ ಗೊತ್ತಾಗಬಹುದು. ಊರಲ್ಲೇ ಕೂತರೆ ಅದು ಗೊತ್ತಾಗುವುದು ಹೇಗೆ? ಪಿಎಚ್.ಡಿ.ಗೆ ಹೈದರಾಬಾದಿಗೋ ಧಾರವಾಡಕ್ಕೋ ಬರುತ್ತೇನೆ.

ಅಧ್ಯಾಪಕರು: ನಾನು ಅದನ್ನೇ ತಿರುಗಿಸಿ ಹೇಳುತ್ತೇನೆ. ಮೊದಲು ಇಲ್ಲಿ ಲಿಪಿ, ಭಾಷೆ, ಕ್ಷೇತ್ರಕಾರ್ಯ ಕಲಿ. ಆಮೇಲೆ ದಿಲ್ಲಿಗೆ ಹೋದರೆ ಅಲ್ಲಿನ ಚರ್ಚೆಗೆ ಕೈಯಲ್ಲಿ ಸ್ವಂತ ಸಾಮಗ್ರಿ ಇಟ್ಟುಕೊಂಡು ಹೋಗುತ್ತೀ. ಖಾಲಿ ಕೈಯಲ್ಲಿ ಹೋದವರು ಬೇರೆಯವರ ಪ್ರಶ್ನೆಗಳನ್ನೇ ತಮ್ಮದು ಅಂತ ಹಿಡಿದು ಬರುವುದುಂಟು.

ವಿದ್ಯಾರ್ಥಿನಿ: ಎಂ.ಎ. ಮುಗಿದ ಮೇಲೆ ಅಲ್ಲಿ ಪಿಎಚ್.ಡಿ. ಸೀಟು ಸಿಗುತ್ತದೆ ಅಂತ ಭರವಸೆ ಏನು ಸರ್? ಆ ಸೀಟುಗಳು ಇನ್ನೂ ಕಡಿಮೆ.

ಅಧ್ಯಾಪಕರು: ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಯಾವುದನ್ನು ಮೊದಲು, ಯಾವುದನ್ನು ನಂತರ ಎಂಬ ಈ ಪ್ರಶ್ನೆಗೆ ಎರಡೂ ಉತ್ತರಗಳಿಂದ ಒಳ್ಳೆಯ ಇತಿಹಾಸಕಾರರು ಬಂದಿದ್ದಾರೆ. ಉಳಿದಿರುವುದು ಕಾಗದಪತ್ರದ ವಿಷಯ, ಎಚ್ಚರ ತಪ್ಪಿ ಸೀಟು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಪದವಿಯ ಕೊನೆಯ ಸೆಮಿಸ್ಟರಿನ ಫಲಿತಾಂಶ ತಡವಾದರೆ ತಾತ್ಕಾಲಿಕ ಪ್ರವೇಶಕ್ಕೆ ಅವಕಾಶವಿದೆಯೇ, ಅಂಕಪಟ್ಟಿ ಸಲ್ಲಿಸಲು ಗಡುವು ಯಾವುದು ಎಂದು ಪ್ರತಿ ವಿಶ್ವವಿದ್ಯಾಲಯವನ್ನೂ ಕೇಳಬೇಕು. ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರ, ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಬೇಕಾದ ಮೈಗ್ರೇಷನ್ ಪ್ರಮಾಣಪತ್ರ, ಇವು ಒಂದು ಕಡೆ ಒಪ್ಪಿಸಿದ ಮೇಲೆ ಇನ್ನೊಂದು ಕಡೆಗೆ ಬೇಕಾದಾಗ ಕೈಗೆ ಸಿಗುವುದು ಕಷ್ಟ. ಒಂದು ಕಡೆ ಸೇರಿ ನಂತರ ಬಿಟ್ಟರೆ ಶುಲ್ಕ ಹಿಂದಿರುಗಿಸಬೇಕಾದ ದಿನಾಂಕಗಳನ್ನು ಯುಜಿಸಿ ನಿಗದಿ ಮಾಡುತ್ತದೆ, ಆ ವರ್ಷದ ಸುತ್ತೋಲೆಯನ್ನು ನೋಡಿಕೊಳ್ಳಬೇಕು.

ವಿದ್ಯಾರ್ಥಿನಿ: ದಿಲ್ಲಿಯ ಶುಲ್ಕಕ್ಕೆ ಗಡುವು ಮೊದಲು ಬರುತ್ತದೆ ಸರ್. ಅದನ್ನು ಕಟ್ಟಿ ಸೀಟು ಉಳಿಸಿಕೊಳ್ಳುತ್ತೇನೆ. ಹೈದರಾಬಾದಿನ ವಿಭಾಗಕ್ಕೆ ಫಾರ್ಸಿ ಬಗ್ಗೆ ಇವತ್ತೇ ಬರೆಯುತ್ತೇನೆ.

ಅಧ್ಯಾಪಕರು: ಕಟ್ಟು. ಧಾರವಾಡದ ಕೌನ್ಸೆಲಿಂಗಿಗೂ ಹೋಗು, ಮೂಲ ಅಂಕಪಟ್ಟಿ ಮಾತ್ರ ಎಲ್ಲೂ ಕೊಟ್ಟುಬಿಡಬೇಡ. ಅಲ್ಲಿಗೆ ಹೋದಾಗ ಶಾಸನದ ಪತ್ರಿಕೆ ಯಾರು ತೆಗೆದುಕೊಳ್ಳುತ್ತಾರೆ ಅಂತ ಕೇಳು. ಸಾಧ್ಯವಾದರೆ ಒಂದು ತರಗತಿಯಲ್ಲಿ ಕೂತು ಬಾ.

ವಿದ್ಯಾರ್ಥಿನಿ: ಕೂತು ಬರುತ್ತೇನೆ. ಅದರಿಂದ ಮನಸ್ಸು ಬದಲಾಗುತ್ತದೆ ಅಂತ ಮಾತ್ರ ಹೇಳಲಾರೆ ಸರ್.

ಅಧ್ಯಾಪಕರು: ಬದಲಾಗಲಿ ಅಂತ ಕಳಿಸುತ್ತಿಲ್ಲ. ಶೋಧಗಂಗಾದಲ್ಲಿ ಮೂರೂ ವಿಭಾಗದ ಎರಡೆರಡು ಪ್ರಬಂಧ ತೆಗೆದು ಆಕರಪಟ್ಟಿ ಓದಿಕೊಂಡು ಬಾ, ಭಾನುವಾರ ಮತ್ತೆ ಕೂರೋಣ.